ಎಂಟು ದಿನದ ಹಡಗು, ನಾಲ್ಕು ತಿಂಗಳ ಪಾಸ್‌ಪೋರ್ಟು

ನಮ್ಮ ಬೀದಿಯ ತಿರುವಿನಲ್ಲಿರುವ ಔಷಧಿ ಅಂಗಡಿಯ ಯಜಮಾನರನ್ನು ನಾನು ಮೂರು ವರ್ಷ ಡಾಕ್ಟರೆಂದೇ ನಂಬಿದ್ದೆ. ತಪ್ಪು ಪೂರ್ತಿ ನನ್ನದಲ್ಲ. ಕೆಮ್ಮಿಗೆ ಏನಾದರೂ ಕೊಡಿ ಎಂದು ಹೋದರೆ ಅವರು ಕನ್ನಡಕವನ್ನು ಹಣೆಗೇರಿಸಿ, “ನಾಲಿಗೆ ತೋರಿಸಿ” ಎನ್ನುತ್ತಿದ್ದರು. ನೋಡಿ, “ಹೂಂ” ಎನ್ನುತ್ತಿದ್ದರು. ಆ ಹೂಂಕಾರದಲ್ಲಿ ಎಷ್ಟು ವೈದ್ಯಶಾಸ್ತ್ರ ತುಂಬಿರುತ್ತಿತ್ತೆಂದರೆ ಅರ್ಧ ಕೆಮ್ಮು ಅಲ್ಲೇ ಹೆದರಿ ನಿಲ್ಲುತ್ತಿತ್ತು. ಉಳಿದರ್ಧಕ್ಕೆ ಗಲ್ಲಾದಲ್ಲಿ ಕುಳಿತ ಅವರ ಹೆಂಡತಿ ಸಿರಪ್ ಎತ್ತಿ ಕೊಡುತ್ತಿದ್ದರು. (ಯಾವ ನಾಲಿಗೆಗೂ ಅದೇ ಸಿರಪ್ ಎಂಬುದು ಬಹಳ ತಡವಾಗಿ ತಿಳಿಯಿತು.) ಬೀದಿಯವರೆಲ್ಲ “ಡಾಕ್ಟ್ರೇ” ಎಂದು ಕರೆದಾಗ ಅವರು ಹೌದೆಂದವರಲ್ಲ, ಅಲ್ಲವೆಂದವರೂ ಅಲ್ಲ. ಆದ್ದರಿಂದ ಇಲ್ಲಿಯೂ ಅವರು ಡಾಕ್ಟರೇ ಆಗಿರಲಿ.

ಡಾಕ್ಟರ ನಿಜವಾದ ವಿದ್ಯೆ ತಾರೀಖಿನದು. ಮಾತ್ರೆ ಪಟ್ಟಿಯ ಅಂಚಿನಲ್ಲಿ ಇರುವೆ ಕಾಲಿನಷ್ಟು ಸಣ್ಣಗೆ ಒತ್ತಿರುವ ಅಂಕಿಗಳನ್ನು ಅವರು ಒಂದು ಮೊಳ ದೂರದಿಂದ ಓದಬಲ್ಲರು. ಮನೆಯಲ್ಲೂ ಅಷ್ಟೆ. ಹಾಲಿನ ಪ್ಯಾಕೆಟ್ಟಿನಿಂದ ಹಲ್ಲುಜ್ಜುವ ಪೇಸ್ಟಿನವರೆಗೆ ಯಾವುದನ್ನೂ ಬೆನ್ನು ತಿರುಗಿಸಿ ನೋಡದೆ ಮುಟ್ಟುವವರಲ್ಲ. (ಮದುವೆಗೆ ಮುಂಚೆ ತಮ್ಮನ್ನೂ ಹೀಗೆ ತಿರುಗಿಸಿ ನೋಡಿದ್ದರೇನೋ ಎಂದು ಹೆಂಡತಿಗೆ ಇಂದಿಗೂ ಒಂದು ಗುಮಾನಿ.)

ಆ ಹೆಂಡತಿ ಇಪ್ಪತ್ತಾರು ವರ್ಷ ಅದೇ ಗಲ್ಲಾದಲ್ಲಿ ಕುಳಿತಿದ್ದರು. ಅಂಗಡಿಯ ಎದುರಿಗೆ ಬೀದಿ, ಬೀದಿಯಾಚೆ ಒಂದು ಗೋದಾಮಿನ ಗೋಡೆ. ಕಣ್ಣೆತ್ತಿದರೆ ಗೋಡೆ, ಇಳಿಸಿದರೆ ಗಿರಾಕಿ. ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅವರು ಅಂದರು:

“ರೀ, ಒಂದ್ಸಲ ಹಡಗಲ್ಲಿ ಹೋಗಿ ಬರೋಣ.”

“ಯಾವೂರಿಗೆ?”

“ಯಾವೂರಿಗಾದ್ರೂ ಆಗ್ಲಿ. ಎದುರುಗಡೆ ಏನೂ ಇರಬಾರದು, ಅಷ್ಟೇ.”

ಡಾಕ್ಟರು ಕೂಡಲೇ ಅವರ ಕೈಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು. ಸರಿಯಾಗಿತ್ತು. ಬೇರೆ ದಾರಿಯಿಲ್ಲದೆ ಒಪ್ಪಿಕೊಂಡರು.

ಎಂಟು ದಿನ, ಮೂರು ದೇಶದ ಬಂದರು, ಮತ್ತೆ ಹೊರಟಲ್ಲಿಗೇ ವಾಪಸ್ಸು. ಪ್ರವಾಸದ ಕಚೇರಿಯ ಹೆಂಗಸು ಎಲ್ಲವನ್ನೂ ವಿವರಿಸಿ ಕೊನೆಗೆ, “ಪಾಸ್‌ಪೋರ್ಟು ಪ್ರಯಾಣ ಮುಗಿದ ದಿನದಿಂದ ಮುಂದಕ್ಕೆ ಆರು ತಿಂಗಳು ಚಾಲ್ತಿಯಲ್ಲಿರಬೇಕು ಸರ್, ಒಂದ್ಸಲ ನೋಡಿಬಿಡಿ” ಎಂದರು.

ಡಾಕ್ಟರು ನಕ್ಕರು. ಮೀನಿಗೆ ಈಜು ಹೇಳಿಕೊಡಲು ಬಂದವರನ್ನು ಕಂಡ ಮೀನಿನ ನಗೆ ಅದು. “ಏನು ಬೇಕಾದ್ರೂ ಹೇಳಮ್ಮ, ತಾರೀಖು ಮಾತ್ರ ನನಗೆ ಹೇಳ್ಬೇಡ” ಎಂದವರೇ, ‘ಪರಿಶೀಲಿಸಿದ್ದೇನೆ’ ಎಂಬ ಚೌಕದೊಳಗೆ ಗೀಟೆಳೆದು, ಕೆಳಗೆ ಯಾರಿಗೂ ಓದಲಾಗದಂಥ ಸಹಿ ಹಾಕಿದರು. (ಸಹಿಯಲ್ಲಿ ಅವರು ನಿಜಕ್ಕೂ ಡಾಕ್ಟರು.)

ಹೆಂಡತಿ ಮೆಟ್ಟಿಲಿಳಿಯುತ್ತಲೇ ಶುರುಮಾಡಿದರು.

“ಆರು ತಿಂಗಳು ಅಂದ್ರಲ್ಲ ಆಕೆ.”

“ನನ್ನದು ಇನ್ನೂ ನಾಲ್ಕು ತಿಂಗಳಿಗಿಂತ ಜಾಸ್ತಿ ಇದೆ. ಹೋಗೋದು ಎಂಟು ದಿನ. ಹಡಗು ದಾರಿ ತಪ್ಪಿದ್ರೂ ಸಾಕು.”

“ಆದ್ರೂ ಆರು ಅಂದ್ರಲ್ಲ.”

“ಅದು ತಿಳೀದವರಿಗೆ ಹೇಳೋ ಮಾತು ಕಣೇ.”

“ನಮಗೇ ಹೇಳಿದ್ರಲ್ಲ.”

ಡಾಕ್ಟರಿಗೆ ಧೈರ್ಯ ಬರಲು ಕಾರಣವಿತ್ತು. ಹತ್ತು ವರ್ಷದ ಹಿಂದೆ ಇಬ್ಬರೂ ಒಂದೇ ದಿನ ಪಾಸ್‌ಪೋರ್ಟು ಮಾಡಿಸಿದ್ದರು. ತಮ್ಮದನ್ನು ಅವರು ಔಷಧಿ ಡಬ್ಬಿಯ ಮೇಲೆ ಬರೆದಿರುವ ಪ್ರಕಾರವೇ ತಂಪಾದ, ಒಣಗಿದ ಜಾಗದಲ್ಲಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿ ಇಟ್ಟಿದ್ದರು. ಒಂದು ಕಲೆಯಿಲ್ಲ, ಒಂದು ಮಡಿಕೆಯಿಲ್ಲ. (ಒಂದು ಮುದ್ರೆಯೂ ಇಲ್ಲ.) ಹೆಂಡತಿಯದು ಅಂಗಡಿಯ ಮೇಜಿನ ಖಾನೆಯಲ್ಲಿತ್ತು. ಎರಡು ವರ್ಷದ ಹಿಂದೆ ಅದೇ ಖಾನೆಯಲ್ಲಿ ಕೆಮ್ಮಿನ ಸಿರಪ್ಪಿನ ಬಾಟಲಿ ಒಡೆದು, ಪಾಸ್‌ಪೋರ್ಟಿನ ಹಾಳೆಗಳೆಲ್ಲ ಒಂದಕ್ಕೊಂದು ಅಂಟಿ, ಆಕೆ ಹೊಸದನ್ನೇ ಮಾಡಿಸಬೇಕಾಯಿತು. ಬಾಟಲಿ ಅಲ್ಲಿಟ್ಟವರು ಡಾಕ್ಟರು. ವಸ್ತುಗಳನ್ನು ಜೋಪಾನ ಮಾಡುವ ಬಗೆ ಹೇಗೆಂದು ಒಂದು ವಾರ ಉಪನ್ಯಾಸ ಕೊಟ್ಟವರೂ ಅವರೇ.

ಹೊರಡುವ ದಿನ ಬಂತು. ಬಂದರಿನ ದೊಡ್ಡ ಹಜಾರದಲ್ಲಿ ಹಗ್ಗ ಕಟ್ಟಿದ ಸಾಲುಗಳು. ಗಾಜಿನಾಚೆ ಹಡಗು ನಿಂತಿತ್ತು. ಇಡೀ ಬೀದಿಯನ್ನು ಎಬ್ಬಿಸಿ ನಿಲ್ಲಿಸಿದ ಹಾಗೆ, ಅಷ್ಟು ಕಿಟಕಿ. ಹೆಂಡತಿ ಅದನ್ನೇ ನೋಡುತ್ತ, ಸಾಲು ಮುಂದೆ ಸರಿದದ್ದನ್ನೂ ಮರೆತು ನಿಂತರು.

ಕೌಂಟರಿನ ಹುಡುಗಿ ಎರಡು ಪಾಸ್‌ಪೋರ್ಟನ್ನೂ ತಿರುವಿದಳು.

“ಅಮ್ಮಾ, ನಿಮ್ಮದು ಸರಿಯಿದೆ. ಸರ್, ನಿಮ್ಮದು ಆಗಲ್ಲ. ನಾಲ್ಕು ತಿಂಗಳಿಗೆ ಮುಗಿಯುತ್ತೆ.”

“ಮುಗಿಯುತ್ತೆ ಅಂದ್ರೆ ಇನ್ನೂ ಮುಗಿದಿಲ್ಲ ತಾನೆ? ನಾಲ್ಕು ತಿಂಗಳಲ್ಲಿ ನಿಮ್ಮ ಹಡಗಲ್ಲಿ ಹದಿನೈದು ಸಲ ಹೋಗಿ ಬರಬಹುದಮ್ಮ.”

“ಹೋಗಿ ಬಂದ ಮೇಲೂ ಆರು ತಿಂಗಳು ಉಳಿದಿರಬೇಕು ಸರ್. ನಡುವೆ ಬರೋ ಬಂದರುಗಳ ಕಾನೂನು.”

“ನಾನು ಇಳಿಯೋದೇ ಇಲ್ಲ. ಹಡಗಲ್ಲೇ ಕೂತಿರ್ತೀನಿ.”

“ಕೂತಿದ್ರೂ ಅದೇ ಕಾನೂನು. ಅಕಸ್ಮಾತ್ ನಿಮಗೆ ಹುಷಾರು ತಪ್ಪಿ ಅಲ್ಲಿ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದ್ರೆ?”

“ನನಗೆ ಹುಷಾರು ತಪ್ಪೋದೇ!” ಡಾಕ್ಟರು ಕನ್ನಡಕವನ್ನು ಹಣೆಗೇರಿಸಿದರು. “ನಾನು ಯಾರು ಅಂತ ಗೊತ್ತೇನಮ್ಮ?”

ಹುಡುಗಿ ಅವರು ತುಂಬಿದ ಫಾರಂ ನೋಡಿದಳು. “ವ್ಯಾಪಾರ ಅಂತ ಬರೆದಿದ್ದೀರಿ ಸರ್.”

ಹಿಂದೆ ನಿಂತವರಾರೋ ಕೆಮ್ಮಿದರು. ಅದು ಸಿರಪ್ಪಿನ ಕೆಮ್ಮಲ್ಲ.

“ರೀ,” ಹೆಂಡತಿ ಅವರ ತೋಳು ಹಿಡಿದು ಬದಿಗೆ ಕರೆದರು. “ಹೋದ ವಾರ ಕಂಪನಿಯವನು ಹೊಟ್ಟೆನೋವಿನ ಮಾತ್ರೆ ತಂದಿದ್ನಲ್ಲ, ಅವನಿಗೆ ಏನಂದ್ರಿ?”

“ಏನಂದೆ?”

“ಐದು ತಿಂಗಳ ಡೇಟ್ ಇರೋ ಮಾಲು ನನ್ನ ಕಪಾಟು ಹತ್ತಕೂಡದು ಅಂದ್ರಿ. ಇನ್ನೂ ಕೆಟ್ಟಿಲ್ಲ ಸಾರ್ ಅಂತ ಗೋಗರೆದ ಪಾಪ. ಕೆಡೋ ಹೊತ್ತಿಗೆ ಯಾರ ಮನೇಲಿರುತ್ತೋ ಏನೋ, ತಗೊಂಡ್ಹೋಗು ಅಂತ ಗದರಿದ್ರಿ.”

“ಅದು ಮಾತ್ರೆ ಕಣೇ!”

“ಅದಕ್ಕೆ ಐದಾದ್ರೂ ಇತ್ತು. ನೀವು ನಾಲ್ಕರವರು.”

ಡಾಕ್ಟರು ಕನ್ನಡಕವನ್ನು ಹಣೆಯಿಂದ ಕಣ್ಣಿಗಿಳಿಸಿದರು. ಪಾಸ್‌ಪೋರ್ಟನ್ನು ತೆರೆದು ನೋಡಿದರು. ಫೋಟೋದಲ್ಲಿ ತಲೆತುಂಬ ಕಪ್ಪು ಕೂದಲಿನ ಮನುಷ್ಯನೊಬ್ಬ, ನಾಳೆಯೇ ಎಲ್ಲಿಗೋ ಹೊರಟವನಂತೆ, ನೆಟ್ಟಗೆ ನೋಡುತ್ತಿದ್ದ. ಅವನನ್ನು ಹತ್ತು ವರ್ಷ ತಂಪಾದ ಜಾಗದಲ್ಲಿ ಇಟ್ಟವರು ತಾವೇ. ಅವನಿಗೆ ಕಾಲವೊಂದು ಬಿಟ್ಟು ಬೇರೇನೂ ಸೋಕಿರಲಿಲ್ಲ.

“ಸರಿ, ನಡಿ. ಮುಂದಿನ ವರ್ಷ ಬರೋಣ” ಎಂದರು.

ಮುಂದಿನ ವರ್ಷ! ಅವರ ಅಂಗಡಿಯಲ್ಲಿ ತಾರೀಖೇ ಒತ್ತದ ಮಾಲೆಂದರೆ ಈ ಮಾತೊಂದೇ. ಇಪ್ಪತ್ತಾರು ವರ್ಷದಿಂದ ಹೆಂಡತಿಗೆ ಅದನ್ನೇ ಕೊಡುತ್ತ ಬಂದಿದ್ದರು, ಆಕೆಯೂ ನುಂಗುತ್ತ ಬಂದಿದ್ದರು.

ಡಾಕ್ಟರು ಬಗ್ಗಿ ಎರಡು ಸೂಟ್‌ಕೇಸನ್ನೂ ಎತ್ತಿದರು. ಒಂದು ಮೇಲೆ ಬಂತು. ಇನ್ನೊಂದು ಬರಲಿಲ್ಲ. ನೋಡಿದರೆ ಅದರ ಹಿಡಿಯನ್ನು ಹೆಂಡತಿ ಹಿಡಿದಿದ್ದರು.

“ನೀವು ಹೋಗಿ ಅಂಗಡಿ ತೆಗೀರಿ. ನಾನು ಎಂಟು ದಿನ ಬಿಟ್ಟು ಬರ್ತೀನಿ.”

“ಒಬ್ಳೇನಾ?”

“ಎರಡು ಸಾವಿರ ಜನ ಇರ್ತಾರಂತೆ.”

“ಅಲ್ವೇ, ನಾನಿಲ್ದೆ...”

“ನೀವು ಬರ್ತೀರಿ ಅಂತಲೇ ಹೊರಟಿದ್ದು ರೀ. ಬರೋಕಾಗಲ್ಲ ಅಂತ ಆಯ್ತಲ್ಲ. ಹಡಗು ಅಲ್ಲೇ ನಿಂತಿದೆ.” ಆಕೆಯ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಡಾಕ್ಟರಿಗೆ ಏನಾದರೂ ಉತ್ತರ ಹೊಳೆಯುತ್ತಿತ್ತು. “ವಾಂತಿ ಮಾತ್ರೆ ನಿಮ್ಮ ಪೆಟ್ಟಿಗೇಲಿದೆ, ಕೊಡಿ.”

ಡಾಕ್ಟರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಸೂಟ್‌ಕೇಸು ತೆರೆದರು. ಅರ್ಧ ಅಂಗಡಿ ಅದರೊಳಗಿತ್ತು. ಮಾತ್ರೆಯ ಪಟ್ಟಿ ಹುಡುಕಿ ಕೊಟ್ಟರೆ ಹೆಂಡತಿ ಅದರ ಬೆನ್ನು ತಿರುಗಿಸಿದರು.

“ನಾನೇ ಕೊಟ್ಟಿದ್ದು ಕಣೇ!”

“ಗೊತ್ತು” ಎಂದು ಆಕೆ ತಾರೀಖು ಓದಿ, ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು, ಹಗ್ಗದಾಚೆ ನಡೆದರು.

ಡಾಕ್ಟರು ಈಚೆ ನಿಂತರು. ಇಷ್ಟು ವರ್ಷ ಹೆಂಡತಿಯನ್ನು ಅವರು ಪಕ್ಕದಿಂದ ಮಾತ್ರ ನೋಡಿದ್ದರು, ಗಲ್ಲಾದ ಬೆಳಕಿನಲ್ಲಿ, ಬಗ್ಗಿದ ಅರ್ಧ ಮುಖ. ಹೀಗೆ ದೂರ ಹೋಗುವುದನ್ನು ನೋಡಿರಲಿಲ್ಲ. ಆಕೆಯ ನಡಿಗೆ ಇಷ್ಟು ಚುರುಕೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಗಂಟಲಿಗೆ ಏನೇನೋ ಬಂತು: ಹುಷಾರು ಅನ್ನಬೇಕು, ತಪ್ಪಾಯ್ತು ಅನ್ನಬೇಕು, ಅಲ್ಲಿ ನೋಡಿದ್ದನ್ನೆಲ್ಲ ಬಂದು ಹೇಳು ಅನ್ನಬೇಕು. ಆದರೆ ಇಷ್ಟು ವರ್ಷ ಬೇರೆಯವರ ನಾಲಿಗೆ ನೋಡಿದವರಿಗೆ ತಮ್ಮ ನಾಲಿಗೆ ಸಮಯಕ್ಕೆ ಒದಗಲಿಲ್ಲ. ಇಡೀ ಸಾಲಿಗೆ ಕೇಳುವ ಹಾಗೆ ಕೂಗಿದ್ದು ಇದು:

“ಲೇ! ನಾನು ಪಕ್ಕದಲ್ಲಿಲ್ದೆ ಅಲ್ಲಿ ಹೇಗೇ ಮಲಗ್ತೀಯಾ?”

ಹೆಂಡತಿ ನಿಂತರು. ತಿರುಗಿದರು. ಒಂದು ಗಳಿಗೆ ಯೋಚಿಸಿದರು ಕೂಡ.

“ಅಡ್ಡಡ್ಡ.”