ಹಗಲಲ್ಲಿ ಸಿಕ್ಕ ಶುಕ್ರ

ನಮ್ಮ ಸೋದರಮಾವ ಭೂಮಿಗೆ ಬರುತ್ತಿದ್ದದ್ದು ಊಟಕ್ಕೆ ಮತ್ತು ಕಾರ್ಖಾನೆಯ ಕೆಲಸಕ್ಕೆ ಮಾತ್ರ! ಮಿಕ್ಕ ಹೊತ್ತೆಲ್ಲ ಅವರ ವಾಸ ಅಕ್ಕಪಕ್ಕದ ಗ್ರಹಗಳಲ್ಲಿ. ಗುರುಗ್ರಹದ ನಾಲ್ಕು ದೊಡ್ಡ ಚಂದ್ರರಲ್ಲಿ ಇವತ್ತು ಯಾರು ಯಾವ ಕಡೆಗಿದ್ದಾರೆ ಎಂದು ಕೇಳಿದರೆ ಥಟ್ಟನೆ ಹೇಳುತ್ತಿದ್ದರು. ನನಗೆ ಎಷ್ಟು ಮಕ್ಕಳು ಎಂದು ಕೇಳಿದರೆ ಯೋಚಿಸುತ್ತಿದ್ದರು. ನನಗಿದ್ದದ್ದು ಒಬ್ಬಳೇ ಮಗಳು. ಅದರಲ್ಲಿ ಯೋಚಿಸುವುದೇನಿದೆ, ನೀವೇ ಹೇಳಿ?

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅವರ ಮನೆ, ಮದುವೆಯಾಗದ ಒಂಟಿ ಜೀವ. ಹಿತ್ತಲಿನಲ್ಲಿ ಅವರ ದೂರದರ್ಶಕ. ತಗಡಿನ ಕೊಳವೆಯನ್ನು ತಾವೇ ಸುತ್ತಿ, ಮದರಾಸಿನಿಂದ ತರಿಸಿದ ಗಾಜು ಕೂರಿಸಿದ್ದರು. ಅದಕ್ಕಿದ್ದ ಒಬ್ಬನೇ ಶತ್ರು ಎಂದರೆ ಅವರಿಗೆ ಅನ್ನ ಹಾಕುತ್ತಿದ್ದ ಕಾರ್ಖಾನೆ. ಕುಲುಮೆಯ ಬಾಯಿ ತೆರೆದರೆ ಆಕಾಶವೆಲ್ಲ ಕೆಂಪಾಗಿ, ಪಾಪ, ಮಂಗಳ ಮಂಕಾಗಿಬಿಡುತ್ತಿದ್ದ. ಮಾವ ಗೊಣಗಿಕೊಂಡು ಒಳಗೆ ಬರುತ್ತಿದ್ದರು.

ಪಕ್ಕದ ಮನೆಯ ಅಜ್ಜಿಗೆ ಸಾಡೇಸಾತಿ ನಡೆಯುತ್ತಿತ್ತು. ಒಂದು ಸಂಜೆ ಮಾವ ಅವರನ್ನು ಕರೆದು ಶನಿಯನ್ನೇ ತೋರಿಸಿದರು. ಅಜ್ಜಿ ಬಹಳ ಹೊತ್ತು ನೋಡಿ, ಬಳೆ ತೊಟ್ಟು ಕೂತ ಹಾಗಿದ್ದಾನಲ್ಲ, ಇಷ್ಟು ಚೆಂದದವನು ನನ್ನನ್ನು ಯಾಕೆ ಕಾಡುತ್ತಾನೆ ಎಂದು ನೊಂದುಕೊಂಡರು. ಅಂದಿನಿಂದ ಪ್ರತಿ ಶನಿವಾರ ಕೊಳವೆಯ ಕೆಳಗೆ ಎಳ್ಳೆಣ್ಣೆ ದೀಪ ಹಚ್ಚಿಡತೊಡಗಿದರು. ಗಾಜಿಗೆ ಮಸಿ ಹಿಡಿಯಿತು. ಮಾವ ಬೇಡ ಎನ್ನಲಾರದೆ ಪ್ರತಿ ಭಾನುವಾರ ಮಸಿ ಒರೆಸುತ್ತಿದ್ದರು.

ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಅವರು ಒಂದು ಕಣ್ಣು ಮುಚ್ಚಿ ಬಗ್ಗುವುದನ್ನು ಅಣಕಿಸಿ ತೋರಿಸುವುದರಲ್ಲಿ ನಾನು ಹೆಸರುವಾಸಿ.

ಹೀಗಿರುವಾಗ ಶಿವಮೊಗ್ಗದಲ್ಲಿ ನನ್ನ ತಂಗಿಯ ಮದುವೆ ಗೊತ್ತಾಯಿತು. ಯುದ್ಧದ ಕಾಲ. ಹುಡುಗ ಮಿಲಿಟರಿಯಲ್ಲಿ ಲಾರಿ ರಿಪೇರಿ ಮಾಡುವವನು. ಹತ್ತು ದಿನದ ರಜೆಯಲ್ಲಿ ಬಂದಿದ್ದ. ರಜೆ ಮುಗಿದರೆ ಬರ್ಮಾ ಕಡೆಗೋ ಎಲ್ಲಿಗೋ. ಆ ಹತ್ತು ದಿನಕ್ಕೇ ಸರಿಯಾಗಿ ಪಂಚಾಂಗದಲ್ಲಿ ಶುಕ್ರಾಸ್ತ! ಶುಕ್ರ ಸೂರ್ಯನ ಹತ್ತಿರ ಸರಿದು ಕಣ್ಣಿಗೆ ಕಾಣದಿರುವಾಗ ಮದುವೆ ಮಾಡುವಂತಿಲ್ಲ. ಹುಡುಗ ವಾಪಸ್ ಬಂದ ಮೇಲೆ ನೋಡೋಣ ಎಂದು ಕೋಟೆಯ ಜೋಯಿಸರು ಪಂಚಾಂಗ ಮಡಿಸಿದರು. ಬಂದ ಮೇಲೆ! ಬರುತ್ತಾನೆ ಎಂದು ಯಾರು ಬರೆದುಕೊಟ್ಟಿದ್ದರು?

ತಂಗಿ ಅಳಲಿಲ್ಲ. "ಕಾಯೋದು ಹೇಗೂ ಇದ್ದದ್ದೇ ಅಕ್ಕ. ಹೆಂಡ್ತಿಯಾಗಿ ಕಾಯ್ತೀನಿ. ಅಷ್ಟೇ ನಾನು ಕೇಳ್ತಿರೋದು" ಎಂದಳು.

ಸುದ್ದಿ ಮುಟ್ಟಿದ ಮರುದಿನವೇ ಮಾವ ಕೊಳವೆಯನ್ನು ಚಾಪೆಯಲ್ಲಿ ಸುತ್ತಿಕೊಂಡು ರೈಲಿನಲ್ಲಿ ಬಂದಿಳಿದರು. ಯುದ್ಧದ ಕಾಲದಲ್ಲಿ ಅಂಥದ್ದನ್ನು ಹೊತ್ತು ತಂದರೆ ಸುಮ್ಮನೆ ಬಿಡುತ್ತಾರೆಯೇ? ಟಿಕೆಟ್ ಕಲೆಕ್ಟರ್ ತೋಪು ಎಂದುಕೊಂಡನಂತೆ. ದೂರದ ಎಮ್ಮೆಯೊಂದನ್ನು ತಲೆಕೆಳಗಾಗಿ ತೋರಿಸಿದ ಮೇಲೆಯೇ ಅವನು ಬಿಟ್ಟದ್ದು.

ಬೆಳಿಗ್ಗೆ ಹತ್ತು ಗಂಟೆಗೆ ಸೂರ್ಯ ಮರೆಯಾಗುವ ಹಾಗೆ ನಮ್ಮ ಗೋಡೆಯ ನೆರಳಿನಲ್ಲಿ ಕೊಳವೆ ನಿಲ್ಲಿಸಿದರು. ಲೆಕ್ಕ ಬರೆದ ಚೀಟಿ ನೋಡುತ್ತ ಒಂದು ಗಂಟೆ ತಡಕಾಡಿದರು. ಕೊನೆಗೆ ಜೋಯಿಸರನ್ನು ಕರೆದು ನೋಡಿ ಎಂದರು.

ಜೋಯಿಸರು ನೋಡಿ ಮುಖ ಗಂಟಿಕ್ಕಿದರು. ಇದು ಚಂದ್ರ, ನನ್ನ ಕಿವಿಗೆ ಹೂ ಇಡಬೇಡ ಎಂದರು. ಕೊಳವೆಯಲ್ಲಿ ಕಾಣುತ್ತಿದ್ದದ್ದು ಥೇಟ್ ಬಿದಿಗೆ ಚಂದ್ರನೇ! ಮಾವ ಮೆಲ್ಲಗೆ, ಇವತ್ತು ಹುಣ್ಣಿಮೆಯಲ್ಲವೇ ಎಂದು ಕೇಳಿದರು. ಪಂಚಾಂಗ ಬಾಯಿಪಾಠ ಮಾಡಿದವರಿಗೆ ತಿಥಿಯೇ ಮರೆತುಹೋಗಿತ್ತು. ಶುಕ್ರನೂ ಚಂದ್ರನ ಹಾಗೆ ಬೆಳೆಯುತ್ತಾನೆ, ಸವೆಯುತ್ತಾನೆ, ನಮಗೆ ಹತ್ತಿರ ಬಂದಾಗಲೇ ಹೀಗೆ ತೆಳ್ಳಗಾಗುತ್ತಾನೆ ಎಂದು ಮಾವ ಬಿಡಿಸಿ ಹೇಳಿದರು.

ಆದರೆ ಜೋಯಿಸರು ಅಷ್ಟು ಸುಲಭಕ್ಕೆ ಬಗ್ಗುವವರೇ?

"ಕೊಳವೇಲಿ ಕಂಡಿದ್ದು ದರ್ಶನ ಅಲ್ಲ ಮಾರಾಯ. ಶಾಸ್ತ್ರ ಹೇಳೋದು ಬರಿಗಣ್ಣಿನ ಮಾತು."

"ಹಾಗಾದ್ರೆ ಕನ್ನಡಕ ತೆಗೆದು ಪಂಚಾಂಗ ಓದಿ ಜೋಯಿಸ್ರೇ. ಶುಕ್ರಾಸ್ತ ಅಂತ ಎಲ್ಲಿ ಬರೆದಿದೆ, ನೋಡೋಣ."

ಜೋಯಿಸರು ಕನ್ನಡಕ ಮುಟ್ಟಿ ನೋಡಿಕೊಂಡರು. ಮತ್ತೊಮ್ಮೆ ಬಗ್ಗಿ ಕೊಳವೆಗೆ ಕಣ್ಣಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಜನ್ಮವಿಡೀ ಯಾರ ಹೆಸರು ಹೇಳಿಕೊಂಡು ಬಂದಿದ್ದರೋ ಅವನ ಮುಖವನ್ನು ಅವರು ಅವತ್ತೇ ಸರಿಯಾಗಿ ನೋಡಿದ್ದಿರಬೇಕು. ಆಮೇಲೆ ಒಳಗೆ ಬಂದು ನಾಡಿದ್ದಿಗೆ ಮುಹೂರ್ತ ಬರೆದುಕೊಟ್ಟರು.

ಮದುವೆಯಾಯಿತು. ಐದನೆಯ ದಿನ ಹುಡುಗ ರೈಲು ಹತ್ತಿದ. (ಗಾಬರಿ ಬೇಡ, ಮೂರು ವರ್ಷದ ಮೇಲೆ ಕೈಕಾಲು ನೆಟ್ಟಗಿಟ್ಟುಕೊಂಡೇ ಬಂದ.) ಅವನನ್ನು ಕಳಿಸಿ ಬಂದ ಸಂಜೆ ಮಾವ ಜಗಲಿಯಲ್ಲಿ ಕೂತು ಗಾಜು ಒರೆಸುತ್ತಿದ್ದರು. ಮನೆಯ ಕಡೆಗೆ ತಿರುಗಿಯೂ ನೋಡದ ನೀವು ತಂಗಿಯ ಮದುವೆಗೆ ಇಷ್ಟು ಹಟ ಹಿಡಿದಿರಲ್ಲ ಎಂದು ನಾನು ಎಂದಿನಂತೆ ತಮಾಷೆ ಮಾಡಿದೆ. ಅವರು ತಲೆ ಎತ್ತಲಿಲ್ಲ.

"ನನ್ನ ಮದ್ವೆಗೂ ಶುಕ್ರಾಸ್ತ ಅಡ್ಡ ಬಂದಿತ್ತು ಕಣೇ. ಎರಡು ತಿಂಗಳು ತಡೀರಿ ಅಂದ್ರು. ಅಷ್ಟರಲ್ಲಿ ಪ್ಲೇಗು ಬಂತು."

ಮಾವನಿಗೂ ಒಂದು ಹುಡುಗಿ ಗೊತ್ತಾಗಿದ್ದಳೆಂಬುದನ್ನು ನಮ್ಮ ಮನೆಯಲ್ಲಿ ಯಾರೂ ಆಡಿದ್ದೇ ಇಲ್ಲ. ಪ್ಲೇಗಿಗೆ ಹೆದರಿ ಜನ ಊರು ಬಿಟ್ಟು ಗುಡಿಸಲು ಹಾಕಿಕೊಂಡರಲ್ಲ, ಅಲ್ಲಿಗೆ ಹೋದ ಎಂಟನೆಯ ದಿನ ಆಕೆ ತೀರಿಕೊಂಡಳಂತೆ. ಇಷ್ಟು ವರ್ಷ ಈ ಮನುಷ್ಯನನ್ನು ಅಣಕಿಸಿಕೊಂಡು ಬಂದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಅವರ ಪಕ್ಕದಲ್ಲಿ ಕೂತೆ.

"ಆಮೇಲೆ ಓದಿ, ಲೆಕ್ಕ ಹಾಕಿ ನೋಡ್ದೆ" ಎಂದರು ಮಾವ. "ಶುಕ್ರ ಎಲ್ಲೂ ಹೋಗಿರ್ಲಿಲ್ಲ. ಹಗಲೆಲ್ಲ ನಮ್ಮ ತಲೆ ಮೇಲೇ ಇದ್ದ. ನೋಡೋಕೆ ಆಗ ನನ್ನ ಹತ್ರ ಏನೂ ಇರ್ಲಿಲ್ಲ."