ಬೊಂಬಾಯಿ ಕರೆ ಉಳಿಸಲು ಹೋಗಿ

ಕಂಪ್ಯೂಟರಿಗೆ ಬುದ್ಧಿ ಹೇಳಲು ಹೋದವನಿಗೆ ಅದು ತಿರುಗಿ ಬುದ್ಧಿ ಕಲಿಸದೆ ಬಿಡುವುದಿಲ್ಲ. ನನ್ನನ್ನಂತೂ ಒಮ್ಮೆಯೂ ಬಿಟ್ಟದ್ದಿಲ್ಲ. ಎಂಬತ್ತರ ದಶಕದ ಕೊನೆಗೆ ಮಂಗಳೂರಿನ ಪಕ್ಕದ ಪಣಂಬೂರಿನ ಒಂದು ಆಫೀಸಿನಲ್ಲಿ ಪ್ರೋಗ್ರಾಮರ್ ಆಗಿದ್ದೆ. ಪರದೆ, ಕೀಲಿಮಣೆಯ ಟರ್ಮಿನಲ್ ನಮ್ಮಲ್ಲಿ, ಬಿಡಿಭಾಗಗಳ ದಾಸ್ತಾನಿನ ಮಾಹಿತಿಯೆಲ್ಲ ಬೊಂಬಾಯಿಯ ಕಂಪ್ಯೂಟರಿನಲ್ಲಿ, ನಡುವೆ ಒಂದು ಟೆಲಿಫೋನ್ ಲೈನು. ಒಂದು ದಿನ ಮ್ಯಾನೇಜರು ಟೆಲಿಫೋನ್ ಬಿಲ್ ಹಿಡಿದುಕೊಂಡೇ ಬಂದರು.

"ಒಂದು ತಿಂಗಳಲ್ಲಿ ಈ ಕರೆಗಳು ಅರ್ಧಕ್ಕೆ ಇಳಿಯಬೇಕು. ಇಲ್ಲದಿದ್ದರೆ ಟರ್ಮಿನಲ್ ಬೊಂಬಾಯಿಗೆ ವಾಪಸ್, ಅದರ ಹಿಂದೆ ನೀವೂ!"

ಮಂಗಳೂರಿನ ದೇರೆಬೈಲಿನಲ್ಲಿ ಆಗಷ್ಟೇ ಮನೆ ಕಟ್ಟಿಸಿದ್ದೆ.

೧. ಚೀಟಿ

ಫಂಕ್ಷನಲ್ ಪ್ರೋಗ್ರಾಮಿಂಗ್ ಕಲಿತ ಹೊಸ ಹುರುಪು ನನಗೆ. ನೂರು ಸಾಮಾನಿನ ಪಟ್ಟಿಯಲ್ಲಿ ಒಂದೊಂದರ ಮೇಲೂ ಫಂಕ್ಷನ್, ಅಂದರೆ ಪ್ರಶ್ನೆ ಕೊಟ್ಟರೆ ಉತ್ತರ ಕೊಡುವ ಪುಟ್ಟ ಪ್ರೋಗ್ರಾಂ, ಓಡಿಸುತ್ತಿದ್ದೆ. ಪ್ರತಿ ಓಟಕ್ಕೂ ಬೊಂಬಾಯಿಗೊಂದು ಕರೆ ಹೋಗುತ್ತಿತ್ತೆಂದು ಈಗ ಗೊತ್ತಾಯಿತು. ಎರಡು ದಿನ ತಲೆ ಕೆರೆದುಕೊಂಡು, ನೂರನ್ನೂ ಒಂದೇ ಕರೆಯಲ್ಲಿ ಕೇಳುವಂತೆ ಮಾಡಿದೆ. ಮನೆಯಲ್ಲಿ ಹೆಂಡತಿಗೆ ಹೆಮ್ಮೆಯಿಂದ ವಿವರಿಸಿದೆ.

"ಸಾಮಾನು ತರಲು ಹಂಪನಕಟ್ಟೆಗೆ ಹೋಗುವಾಗ ಚೀಟಿ ಬರೆದುಕೊಂಡು ಹೋಗಿ ಅಂತ ಮದುವೆಯಾದಂದಿನಿಂದ ಹೇಳ್ತಾ ಇದ್ದೇನೆ. ಇದಕ್ಕೆ ಕಂಪ್ಯೂಟರ್ ಎಂತಕ್ಕೆ?" ಎಂದಳು.

೨. ಹಳೆಯ ಉತ್ತರ

ನಮ್ಮ ಆಫೀಸಿನ ಹೆಡ್ ಕ್ಲಾರ್ಕಿಗೂ ಪಾಠ ಮಾಡಿದೆ. "ಶುದ್ಧ ಫಂಕ್ಷನ್ ಅಂದರೆ ಅದೇ ಪ್ರಶ್ನೆಗೆ ಯಾವತ್ತೂ ಅದೇ ಉತ್ತರ. ಒಮ್ಮೆ ಬಂದದ್ದನ್ನು ಬರೆದಿಟ್ಟರೆ ಪುನಃ ಕರೆ ಬೇಡ." ಅವರು ಶ್ರದ್ಧೆಯಿಂದ ನೋಟ್‌ಬುಕ್ ಇಟ್ಟರು. ಸೋಮವಾರ ಬೊಂಬಾಯಿ ಗೋಡೌನಿನಲ್ಲಿ ಬೇರಿಂಗ್ ಹನ್ನೆರಡು. ಹತ್ತು ದಿನ ಬಿಟ್ಟು ಮ್ಯಾನೇಜರು ಕೇಳಿದಾಗಲೂ ನೋಟ್‌ಬುಕ್ ಪ್ರಕಾರ ಹನ್ನೆರಡೇ. ತರಲು ಹೋದ ಲಾರಿ ಖಾಲಿ ಬಂತು. ದಾಸ್ತಾನು ದಿನವೂ ಬದಲಾಗುತ್ತದೆ ಎಂದು ಹೇಳಲು ನಾನೇ ಮರೆತಿದ್ದೆ. ಮ್ಯಾನೇಜರು ಕೆಂಡವಾದರು. ಹೆಡ್ ಕ್ಲಾರ್ಕ್ ಅಲುಗಾಡಲಿಲ್ಲ.

"ಪ್ರಶ್ನೆ ಬದಲಾಗಲಿಲ್ಲವಲ್ಲ ಸರ್. ಉತ್ತರ ಹೇಗೆ ಬದಲಾಗುವುದು?"

೩. ಇದ್ದಲ್ಲಿಗೇ ಕಳಿಸುವುದು

ತಿಂಗಳು ಮುಗಿಯಲು ವಾರ ಉಳಿದಿತ್ತು. ಅಲ್ಲಿಯವರೆಗೆ ಇಡೀ ದಾಸ್ತಾನಿನ ಮಾಹಿತಿಯನ್ನು ನೂರು ನೂರರಂತೆ ಕರೆಯ ಮೇಲೆ ಕರೆ ಮಾಡಿ ತರಿಸಿಕೊಂಡು, ಕಡಿಮೆ ಇದ್ದದ್ದನ್ನು ಇಲ್ಲಿ ಹೆಕ್ಕುತ್ತಿದ್ದೆವು. ಹೆಕ್ಕುವ ಫಂಕ್ಷನ್ನನ್ನೇ ಬೊಂಬಾಯಿಯ ಕಂಪ್ಯೂಟರಿಗೆ ಕಳಿಸಿಬಿಟ್ಟೆ. ಇಡೀ ಹಲಸಿನ ಹಣ್ಣು ಹೊತ್ತು ತರುವ ಬದಲು ಮರದ ಬುಡದಲ್ಲೇ ಸೊಳೆ ಬಿಡಿಸಿ ತಂದ ಹಾಗೆ. ಕರೆಗಳು ಅರ್ಧಕ್ಕಿಂತಲೂ ಕೆಳಗೆ ಇಳಿದವು. ಮ್ಯಾನೇಜರು ಎಲ್ಲರಿಗೂ ಗೋಳಿಬಜೆ ತರಿಸಿದರು. ಮನೆ ಉಳಿಯಿತೆಂದು ನಾನು ನಾಲ್ಕು ಹೆಚ್ಚೇ ತಿಂದೆ.

ಹದಿನೈದು ದಿನಕ್ಕೆ ಹೆಡ್ ಆಫೀಸಿನಿಂದ ಆರ್ಡರ್ ಬಂತು. ನನಗೆ ಬೊಂಬಾಯಿಗೆ ವರ್ಗ! ಓಡಿಹೋಗಿ, "ಇದೆಂತ ಸರ್? ಕರೆ ಇಳಿಸಿದೆನಲ್ಲ!" ಎಂದೆ.

ಮ್ಯಾನೇಜರು ನನ್ನ ಬೆನ್ನು ತಟ್ಟಿದರು.

"ನೀವೇ ಕಲಿಸಿದ್ದಲ್ವಾ ಮಾರಾಯ್ರೆ? ಮಾಹಿತಿಯನ್ನು ಇಲ್ಲಿಗೆ ತರಿಸುವುದಕ್ಕಿಂತ ಹೆಕ್ಕುವವರನ್ನೇ ಅಲ್ಲಿಗೆ ಕಳಿಸಿದರೆ ಲಾಭ ಅಂತ."