ಎರಡು ಕಾಲಿನ ಕಾಯಿಲೆ

ಶಾಲೆಯ ಬಿಸಿಯೂಟದ ಸಾಂಬಾರಿಗೆ ಶಶಿರೇಖ ಅಂದು ಮೂರು ಸಲ ಉಪ್ಪು ಹಾಕಿದಳು. ಮುಟ್ಟು ನಿಂತಾಗಿನಿಂದ ಮೈಯೊಳಗೇ ಯಾರೋ ಒಲೆ ಹಚ್ಚಿದಂತೆ ಸೆಕೆ ಏರುತ್ತಿತ್ತು. ರಾತ್ರಿ ನಿದ್ದೆಯಿಲ್ಲ, ಹಗಲು ನೆನಪಿಲ್ಲ. ಇನ್ನೊಮ್ಮೆ ಹೀಗಾದರೆ ಬೇರೆ ಅಡುಗೆಯವಳನ್ನು ಹುಡುಕಿಕೊಳ್ಳುತ್ತೇನೆಂದು ಹೆಡ್‌ಮಾಸ್ತರು ಹೇಳಿಬಿಟ್ಟರು. ಪಾಪ, ಪಾತ್ರೆ ತೊಳೆಯುತ್ತಲೇ ಅತ್ತಳು.

ಮಧ್ಯಾಹ್ನವೇ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬಂಗಾರಪೇಟೆಯ ಡಾಕ್ಟರ್ ಅರುಣಕುಮಾರಿಯ ಬಳಿಗೆ ಹೊರಟಳು. ಪಕ್ಕದ ಮನೆಯ ಸೆಲ್ವಿ ಕರೆಯದೆಯೇ ಜೊತೆಗೆ ಬಂದಳು.

“ಡಾಕ್ಟ್ರತ್ರ ದೊಡ್ಡದಾಗಿ ಯೋಳ್ಬೇಕು ಶಶಿಯಕ್ಕ. ಇದ್ದಂಗೆ ಯೋಳಿದ್ರೆ ಜ್ವರದ ಮಾತ್ರೆ ಕೊಟ್ಟು ಕಳಿಸ್ತಾರೆ. ನಮ್ಮಪ್ಪ ಗಣೀಲಿದ್ದಾಗ ಡಾಕ್ಟ್ರು ಕಂಡ್ರೆ ಒಂದು ಸಲ ಕೆಮ್ಮೋ ಕಡೆ ಅತ್ತು ಸಲ ಕೆಮ್ಮೋನು. ಅಂಗಿದ್ರೇನೇ ಔಸ್ದಿ ಸಿಕ್ಕೋದು.”

ಚಿನ್ನದ ಗಣಿ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಆ ಬುದ್ಧಿ ಗಣಿ ಕಾಲೋನಿಯವರನ್ನು ಬಿಟ್ಟಿರಲಿಲ್ಲ.

ಡಾಕ್ಟರು ಸಮಾಧಾನದಿಂದ ಕೇಳಿಸಿಕೊಂಡರು. “ಹಾರ್ಮೋನ್ ಮಾತ್ರೆ ಇದೆ. ಸೆಕೆ ಇಳಿಯುತ್ತೆ, ನಿದ್ದೆ ಬರುತ್ತೆ, ಮೂಳೆಗೂ ಒಳ್ಳೇದು. ಆದ್ರೆ ಎಲ್ಲರಿಗೂ ಕೊಡೋ ಹಾಗಿಲ್ಲ. ಕಾಲಲ್ಲಿ ಯಾವತ್ತಾದ್ರೂ ರಕ್ತ ಹೆಪ್ಪುಗಟ್ಟಿತ್ತಾ?”

ಶಶಿರೇಖ ಬಾಯಿ ತೆರೆಯುವ ಮೊದಲೇ ಸೆಲ್ವಿ, “ಎರಡು ಕಾಲಲ್ಲೂ ಮೇಡಂ,” ಎಂದಳು.

“ಮನೇಲಿ ಯಾರಿಗಾದ್ರೂ ಸ್ತನದ ಕ್ಯಾನ್ಸರ್?”

“ಅವ್ರಮ್ಮಂಗೆ. ಅವ್ರಕ್ಕಂಗೂ.”

ಒಬ್ಬಳೇ ಮಗಳಾಗಿ ಹುಟ್ಟಿದ ಶಶಿರೇಖ ಹೌದೆಂದು ತಲೆಯಾಡಿಸಿದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. “ಹಾಗಾದ್ರೆ ಈ ಮಾತ್ರೆ ನಿಮಗೆ ಬೇಡಮ್ಮ. ಮತ್ತೆ ಹೆಪ್ಪುಗಟ್ಟಿದ್ರೆ ಪ್ರಾಣಕ್ಕೇ ಅಪಾಯ. ಕ್ಯಾನ್ಸರ್ ಭಯಾನೂ ಜಾಸ್ತಿ.”

ಶಶಿರೇಖ ಮೇಜು ಹಿಡಿದು ಮುಂದೆ ಬಾಗಿದಳು. “ಎಲ್ಲಾ ಸುಳ್ಳು ಮೇಡಂ. ನನ್ಗೆ ಅಕ್ಕಾನೇ ಇಲ್ಲ. ಅಮ್ಮ ಬೇತಮಂಗಲದಾಗೆ ಗಟ್ಟಿಮುಟ್ಟಾಗವ್ಳೆ.”

“ಮಾತ್ರೆ ಬೇಕು ಅಂತ ಈಗ ಸುಳ್ಳು ಹೇಳ್ಬೇಡಿ,” ಎಂದರು ಡಾಕ್ಟರು. “ಕಾಲಿನ ಸ್ಕ್ಯಾನ್ ಮಾಡಿಸಿ, ಅಮ್ಮನ್ನೂ ಕರ್ಕೊಂಡು ಬನ್ನಿ, ನೋಡೋಣ. ಅಲ್ಲೀವರೆಗೆ ಹತ್ತಿ ಸೀರೆ ಉಡಿ, ಕಾಫಿ ಬಿಡಿ.”

ಶಶಿರೇಖ ಎದ್ದದ್ದೇ ತಡ, ಸೆಲ್ವಿ ಆ ಕುರ್ಚಿಯಲ್ಲಿ ಕೂತಳು. “ನನ್ಗೂ ಒಂದು ವರ್ಸದಿಂದ ಇದೇ ಸೆಕೆ ಮೇಡಂ. ನಾಚ್ಕೆಗೆ ಯಾರ್ಗೂ ಯೋಳಿರ್ಲಿಲ್ಲ.”

ಈ ಸಲ ಕೇಳಿದ್ದಕ್ಕೆಲ್ಲ ಇಲ್ಲ, ಇಲ್ಲ ಎಂದಳು. ಅದು ನಿಜವೂ ಆಗಿತ್ತು. ಡಾಕ್ಟರು ಬಿ.ಪಿ. ನೋಡಿ, ಪರೀಕ್ಷೆ ಮಾಡಿ, ಮಾತ್ರೆ ಬರೆದುಕೊಟ್ಟರು.

ವಾಪಸು ರೈಲಿನಲ್ಲಿ ಶಶಿರೇಖ ಬೆವರುತ್ತ ಕಿಟಕಿಗೆ ಮುಖವಿಟ್ಟು ಕೂತಳು. ಬದುಕೇ ಸಾಕೆನಿಸಿತ್ತು. ಸೆಲ್ವಿ ಮಾತ್ರೆಯನ್ನು ಜೋಪಾನವಾಗಿ ಪರ್ಸಿನೊಳಗಿಟ್ಟು ಅವಳ ಬೆನ್ನು ಸವರಿದಳು.

“ಬೇಜಾರ್ ಮಾಡ್ಕೋಬ್ಯಾಡಕ್ಕ. ಏನೇ ಆದ್ರೂ ಡಾಕ್ಟ್ರತ್ರ ಸುಳ್ಳು ಯೋಳ್ಬಾರ್ದು.”